ಕರೆಮ್ಮನ ಪ್ಲೇಟು

ಬಳಗಾನೂರಿನಿಂದ ಪೈಪು ಕೊಳ್ಳಲು ಬಂದಿದ್ದ ಗಿರಾಕಿಯ ಅಂಗಿ ಜೇಬಿನೊಳಗಿಂದ ಆ ಹೆಂಗಸು ಹಾಡತೊಡಗಿದಾಗ ಚನ್ನವೀರನ ಕೈಯಲ್ಲಿದ್ದ ಅಳತೆಯ ಟೇಪು ಸರ್ರನೆ ಒಳಗೆ ಸುತ್ತಿಕೊಂಡು ಬೆರಳಿಗೆ ಬಡಿಯಿತು. ಗಿರಾಕಿ ಫೋನು ತೆಗೆದು ಯಾರದೆಂದು ನೋಡಿದ, ಆದರೆ ಕೂಡಲೇ ಎತ್ತಿಕೊಳ್ಳಲಿಲ್ಲ. ಹಾಡು ಇನ್ನಷ್ಟು ಕೇಳಲಿ ಎಂದು ಅದನ್ನು ಗಾಜಿನ ಮೇಜಿನ ಮೇಲೆ ವಾಲ್ವು, ನಟ್ಟುಗಳ ನಡುವೆ ಇಟ್ಟು, ಹೊಸದಾಗಿ ಕೊಂಡ ಹೋರಿಯನ್ನು ನೆರೆಯವರಿಗೆ ತೋರಿಸುವವನಂತೆ ಸುತ್ತ ನೋಡಿದ. ಗುರುವೇ ಎಂದು ಎಳೆಯುವ ಹೆಣ್ಣುದನಿ, ಅದರ ಹಿಂದೆ ಯಾರೋ ಬಡಿಯುವ ದಮ್ಮಡಿ. "ಮಸ್ಕಿ ಪಕೀರಮ್ಮನ ಅವ್ವಂದ್ರಿ ಈ ದನಿ. ಕರೆಮ್ಮ ಅಂತ. ಸತ್ತು ಎಷ್ಟೋ ವರ್ಷ ಆಗ್ಯಾವ. ನಮ್ಮ ಊರಾಗ ಎಲ್ಲರ ಫೋನಿನ್ಯಾಗೂ ಇದ ಐತಿ. ನೀವ ಹುಡುಕಿ ತಗದದ್ದಂತಲ್ರಿ ಸಾವ್ಕಾರ್ರ?" ಎಂದ. ಚನ್ನವೀರ ಬೆರಳನ್ನು ಬಾಯಿಗಿಟ್ಟುಕೊಂಡ. ಹೌದೆಂಬಂತೆ ತಲೆ ಅಲ್ಲಾಡಿತು. ಅಲ್ಲಾಡಿಸಿದ್ದು ತಾನೇ ಎಂದು ಅವನಿಗೆ ಅನಿಸಲಿಲ್ಲ. ಕುತ್ತಿಗೆಯಲ್ಲಿ ಯಾರೋ ಸ್ಪ್ರಿಂಗು ಕೂಡಿಸಿದಂತೆ ಅದು ತಾನಾಗಿ ಅಲ್ಲಾಡಿತು.

ಆ ದನಿ ಕರೆಮ್ಮನದಲ್ಲ. ಈ ಮಾತನ್ನು ಅವನು ಮನಸ್ಸಿನೊಳಗೆ ಎಷ್ಟು ಸಲ ಹೇಳಿಕೊಂಡಿದ್ದನೆಂದರೆ, ಈಗೀಗ ಅದಕ್ಕೆ ಅರ್ಥವೇ ಉಳಿದಿರಲಿಲ್ಲ. ಗಿರಾಕಿ ಪೈಪಿನ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಹೋದ ಮೇಲೂ ಗುರುವೇ ಎಂಬುದು ಅಂಗಡಿಯ ತಗಡಿನ ಮಾಡಿಗೆ ತೂಗಿಕೊಂಡಂತೆ ಇತ್ತು. ಸಿಂಧನೂರಿನ ಆ ರಸ್ತೆಯಲ್ಲಿ ನೆಲ್ಲಿನ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಮೋಟರುಗಳ ಮೇಲೆ ಕೂತ ಧೂಳನ್ನು ಬಟ್ಟೆಯಿಂದ ಒರೆಸುತ್ತ ಅವನು ತನ್ನ ಮನೆಯ ಮೇಲಿನ ಕೋಣೆಯನ್ನು ನೆನೆದ. ಅಲ್ಲಿ ಗೋಡೆಗುಂಟ ನಿಂತ ಹಲಗೆಗಳಲ್ಲಿ ಅವನ ಗ್ರಾಮಫೋನಿನ ಪ್ಲೇಟುಗಳಿದ್ದವು. ಅರಗಿನವು, ಆಮೇಲೆ ಬಂದ ಪ್ಲಾಸ್ಟಿಕಿನವು, ಹೈದರಾಬಾದಿನ ಹಳೆ ಬಜಾರಿನಲ್ಲಿ ಬಿಸಿಲಿಗೆ ಕೂತು ಆರಿಸಿದವು, ಯಾರದೋ ಮನೆಯ ಅಟ್ಟದಿಂದ ಬೇಡಿ ತಂದವು. ಒಂದೊಂದನ್ನೂ ಮೆತ್ತನೆ ಬಟ್ಟೆಯಿಂದ ಒರೆಸಿ, ಅಂಚು ಮಾತ್ರ ಹಿಡಿದು, ಉಸಿರು ಬಿಗಿಹಿಡಿದು ಯಂತ್ರದ ಮೇಲಿಡುವಾಗ ಅವನು ಲಿಂಗಪೂಜೆಗೆ ಕೂತ ತನ್ನ ತಂದೆಯಂತೆ ಕಾಣುತ್ತಾನೆಂದು ಹೆಂಡತಿ ಶಿವಕುಮಾರಿ ಒಮ್ಮೆ ಹೇಳಿದ್ದಳು. ಹೊಗಳಿಕೆಯೆಂದು ತಿಳಿದು ಅವನು ಹಿಗ್ಗಿದ್ದ. "ಪೂಜಿ ಮಾಡೂ ಮುಂದ ಅವರೂ ಯಾರನ್ನೂ ಹತ್ತಿರ ಬಿಟ್ಟುಕೊಂತಿದ್ದಿಲ್ಲ" ಎಂದು ಅವಳು ಮುಂದುವರಿಸಿದ ಮೇಲೆ ಬಟ್ಟೆ ಎತ್ತಿಕೊಂಡು ಮತ್ತೆ ಒರೆಸತೊಡಗಿದ್ದ.

ಫೋನು ಬಡಿದುಕೊಂಡಿತು. ಪಕೀರಮ್ಮನ ಮಗ ಕನಕರಾಯ. "ಸಾವ್ಕಾರ್ರ, ಐತವಾರ ಮರೀಬ್ಯಾಡ್ರಿ. ಓಣಿ ಹುಡುಗರು ಪೆಂಡಾಲ ಹಾಕ್ಸಾಕತ್ತಾರ. ಅವ್ವನ ಕೈಲಿಂದ ನಿಮಗ ಶಾಲು ಹೊದಿಸೂದು ಅಂತ ಆಗೈತಿ. ನಮ್ಮ ಕರೆಮ್ಮ ಅಮ್ಮನ ಫೋಟೋ ಇದ್ದಿದ್ದಿಲ್ಲ ನೋಡ್ರಿ, ಅದಕ್ಕ ಲಿಂಗಸುಗೂರಿನ ಪೇಂಟರ ಅವ್ವನ ಮಾರಿ ನೋಡಿ, ಅದನ್ನ ಸಣ್ಣ ವಯಸ್ಸು ಮಾಡಿ ತಗದಾನ. ಖರೇನ ಕುಂತಂಗ ಬಂದೈತಿ." ಆ ಕಡೆ ಸುತ್ತಿಗೆಯಿಂದ ಗೂಟ ಬಡಿಯುವ ಸದ್ದು. ಬರುತ್ತೇನೆಂದು ಹೇಳಲು ಬಾಯಿ ತೆರೆದವನು, "ಇವತ್ತ ಬರ್ತೀನಿ. ನಿಮ್ಮವ್ವನ ಜೋಡಿ ಮಾತಾಡೂದೈತಿ" ಎಂದುಬಿಟ್ಟ. ಹೇಳಿದ ಮೇಲೆ ತಾನೇ ಬೆಚ್ಚಿದ. ಫೋನಿಟ್ಟು ಅಂಗಡಿಯ ಬಾಗಿಲು ಅರ್ಧ ಎಳೆದು ಮನೆಗೆ ಹೋದ. ಮೇಲಿನ ಕೋಣೆಯ ಕಪಾಟಿನಿಂದ, ಮಡಿಚಿಟ್ಟ ಧೋತರದ ಕೆಳಗಿನಿಂದ ಒಂದು ಬಟ್ಟೆಯ ಚೀಲ ತೆಗೆದ. ಚೀಲದೊಳಗೆ ಏನೋ ಕಟಕಟ ಎಂದಿತು. ಶಿವಕುಮಾರಿ ಪಡಸಾಲೆಯಲ್ಲಿ ಹೆಸರುಬೇಳೆ ಆರಿಸುತ್ತಿದ್ದಳು.

ಬಸ್ಸಿನಲ್ಲಿ ಕಿಟಕಿಯ ಬದಿ ಸಿಕ್ಕಿತು. ಕಾಲುವೆಯ ಆಚೆ ಈಚೆ ನೆಲ್ಲು ಹಸಿರಾಗಿ ನಿಂತಿತ್ತು. ಔಷಧ ಹೊಡೆಯುವವರ ಬೆನ್ನಿನ ಡಬ್ಬಿಗಳು ಬಿಸಿಲಿಗೆ ಮಿಂಚುತ್ತಿದ್ದವು. ಚೀಲವನ್ನು ಅವನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಈಗ ಎಷ್ಟು ಅಲುಗಾಡಿದರೂ ಅದಕ್ಕೆ ಆಗುವುದೇನೂ ಇರಲಿಲ್ಲ. ಮೊದಲ ಸಲ ಮಸ್ಕಿಗೆ ಹೋದದ್ದು ಬೋರಿಗೆ ಇಳಿಸಿದ ಮೋಟರು ಕೆಟ್ಟಿತೆಂದು ಒಬ್ಬ ರೈತ ಕರೆದದ್ದಕ್ಕೆ. ಅವನ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಹಾಡುವುದನ್ನು ಕೇಳಿ ಚನ್ನವೀರ ನಿಂತುಕೊಂಡಾಗ ಆ ರೈತ ನಕ್ಕು, ಗುಡ್ಡದ ಕೆಳಗಿನ ಓಣಿಯಲ್ಲಿ ಒಬ್ಬ ಮುದುಕಿ ಇದ್ದಾಳೆ, ಅವಳ ಅವ್ವ ಪ್ಲೇಟಿಗೆ ಹಾಡಿದ್ದಳಂತೆ ಎಂದ. ಪಕೀರಮ್ಮ ಅಂದು ಬಾಗಿಲ ಹೊರಗಿನ ಕಲ್ಲಿನ ಮೇಲೆ ಕೂತಿದ್ದಳು. ಎರಡೂ ಕಣ್ಣಿಗೆ ಪೊರೆ. ಬಂದವರ ಮುಖಕ್ಕಿಂತ ಸ್ವಲ್ಪ ಬದಿಗೆ ನೋಡಿ ಮಾತಾಡುವಳು. ಕೌದಿಗಳ ರಾಶಿಯ ಕೆಳಗಿಂದ, ಮಾಸಿದ ಇಳಕಲ್ಲು ಸೀರೆಯ ತುಂಡಿನಲ್ಲಿ ಸುತ್ತಿದ್ದನ್ನು ಅವಳು ತೆಗೆದಾಗ ಚನ್ನವೀರ ಮುಂದಕ್ಕೆ ಬಗ್ಗಿದ. ಅರಗಿನ ತಟ್ಟೆ. ಅಂಚಿನಲ್ಲಿ ಒಂದಿಷ್ಟು ಸವೆದದ್ದು ಬಿಟ್ಟರೆ ಏನೂ ಆಗಿರಲಿಲ್ಲ. ನಡುವಿನ ಕೆಂಪು ಕಾಗದದ ಮೇಲೆ ಕರೆಮ್ಮ, ಮಸ್ಕಿ ಎಂದು ಕನ್ನಡದಲ್ಲಿ ಅಚ್ಚಾಗಿತ್ತು. ಇಂಥದೊಂದು ಇದೆಯೆಂದು ಅವನಿಗೆ ಗೊತ್ತಿದ್ದ ಯಾವ ಸಂಗ್ರಾಹಕನೂ ಹೇಳಿರಲಿಲ್ಲ.

"ಕಂಪನಿಯವರು ಬಂದು ಅವ್ವನ್ನ ಕರ್ಕೊಂಡು ಹೋಗಿದ್ರಂತ್ರಿ. ಹೊಲದಾಗ ಹಾಡಾಕತ್ತಿದ್ಳು, ಯಾರೋ ಕೇಳಿ ಹೇಳ್ಯಾರ. ಹಾಡಿಸ್ಕೊಂಡು, ಒಂದು ಪ್ಲೇಟು ಕೊಟ್ಟು ಕಳಿಸ್ಯಾರ. ನಮ್ಮ ಮನ್ಯಾಗ ಮಷೀನ ಎಲ್ಲಿಂದ ಬರ್ಬೇಕು? ಅವ್ವ ಸತ್ತ ಮ್ಯಾಲ ನಮ್ಮಪ್ಪ ಗೌಡರ ಮನಿಗೆ ಒಯ್ದು, ಒಂದ್ಸಲ ಹಾಕ್ರಿ ನನ್ನ ಮಗಳು ಕೇಳ್ಲಿ ಅಂದ. ಹಾಕಿದ್ರು. ನಾವು ಅಂಗಳದಾಗ ನಿಂತಿದ್ವಿ. ಅರ್ಧಾ ಆಗಿರಬೇಕು, ಒಳಗ ಊಟಕ್ಕ ಎಡಿ ಮಾಡ್ಯಾರ ಅಂತ ನಿಂದರ್ಸಿಬಿಟ್ರು. ಮುಂದಿಂದು ನಾ ಕೇಳೇ ಇಲ್ರಿ." ದನಿ ನೆನಪಿದೆಯೇ ಎಂದು ಅವನು ಕೇಳಿದ್ದ. "ಇಲ್ರಿ. ಸುಳ್ಳ ಯಾಕ ಹೇಳ್ಲಿ. ಮಾತೂ ನೆನಪಿಲ್ಲ, ದನೀನೂ ನೆನಪಿಲ್ಲ. ಗುರುವೇ ಅಂತ ಏನೋ ಬರ್ತಿತ್ತು. ಕೇಳೂ ಮುಂದ ಹೊಟ್ಟ್ಯಾಗ ಒಂಥರಾ ಆಗಿತ್ತು. ಅದಷ್ಟ ನೆನಪೈತಿ." ಸತ್ತು ಹೋಗುವ ಮೊದಲು ಒಂದು ಸಲ ಪೂರ್ತಿ ಕೇಳಬೇಕು ಎಂದಳು. ಚನ್ನವೀರ ಅವಳ ಕೈ ಮುಟ್ಟಿ ಆಣೆ ಮಾಡಿದ: ಮೊದಲು ಮನೆಗೆ ಒಯ್ದು ತೊಳೆದು, ಸರಿಯಾದ ಮುಳ್ಳು ಹಾಕಿ ನೋಡುತ್ತೇನೆ, ಆಮೇಲೆ ಯಂತ್ರವನ್ನೇ ಹೊತ್ತು ತಂದು ನಿಮ್ಮ ಮನೆಯಲ್ಲಿ ಕೇಳಿಸುತ್ತೇನೆ. ಕನಕರಾಯ ಮಾತ್ರ, "ಫೋನಿಗೆ ಹಾಕಿ ಕೊಡಾಕ ಬರಂಗಿಲ್ಲೇನ್ರಿ? ಆವಾಗ ಬೇಕಾದಾಗ ಕೇಳ್ತಾಳ" ಎಂದಿದ್ದ. ಚನ್ನವೀರ ನಕ್ಕಿದ್ದ. ತಿಳಿಯದವರ ಮುಂದೆ ನಗುವ ನಗು ಅದು. ಈಗ ಬಸ್ಸಿನ ಕಿಟಕಿಯ ಗಾಜಿನಲ್ಲಿ ಕಂಡ ತನ್ನ ಬಾಯಿಯ ಮೂಲೆಯಲ್ಲಿ ಆ ನಗು ಇನ್ನೂ ಅಂಟಿಕೊಂಡಿದೆಯೇನೋ ಎಂದು ಅವನು ಕರವಸ್ತ್ರದಿಂದ ಒರೆಸಿಕೊಂಡ.

ಪ್ಲೇಟನ್ನು ಅವನು ಕೇಳಿದ್ದು ಒಂದು ಮಧ್ಯಾಹ್ನ. ಲಾರಿಗಳ ಸದ್ದು ಬಾರದಂತೆ ಕಿಟಕಿಗಳನ್ನೆಲ್ಲ ಹಾಕಿ, ಫ್ಯಾನು ನಿಲ್ಲಿಸಿ, ಬೆವರುತ್ತ ಕೂತಿದ್ದ. ಮೊದಲು ಜೋಳ ಹುರಿಯುವಂಥ ಸದ್ದು, ಅದರ ಒಳಗಿಂದ ಅವಳು ಬಂದಳು. ಆ ಮೂರು ನಿಮಿಷ ಅವನು ಏನಾಗಿದ್ದನೋ ಅವನಿಗೇ ಹೇಳಲು ಬಾರದು. ಹಾಡು ಮುಗಿಯಿತು ಎಂದುಕೊಂಡು ಅವನು ಕೈ ಚಾಚುವಷ್ಟರಲ್ಲಿ, ಮುಳ್ಳು ಕಾಗದದ ಹತ್ತಿರ ಬಂದಾಗ, ಅವಳು ಹಾಡದೆ ಬರಿ ಮಾತಿನಲ್ಲಿ, ಎದುರಿಗೆ ನಿಂತ ಯಾರನ್ನೋ ಕೇಳಿದಳು: ಸಾಕೇನ್ರಿ ಯಪ್ಪಾ? ಅಷ್ಟೆ. ಆಮೇಲೆ ಬರಿ ಗೀರಿನ ಸದ್ದು. ಕಂಪನಿಯವರು ಯಂತ್ರ ನಿಲ್ಲಿಸುವ ಮೊದಲೇ ಸೇರಿಕೊಂಡದ್ದು. ಶಿವಕುಮಾರಿ ಚಹಾ ಹಿಡಿದು ಮೇಲೆ ಬಂದಾಗ ಅವನು ಪ್ಲೇಟನ್ನು ಲಕೋಟೆಗೆ ಇಳಿಸುತ್ತಿದ್ದ. "ಮುಗೀತೇನ್ರಿ? ನಾನೂ ಕೇಳ್ತೀನಿ, ಇನ್ನೊಮ್ಮೆ ಹಾಕ್ರಿ" ಎಂದಳು. ಪ್ರತಿ ಸಲ ಹಾಕಿದಾಗ ಗೀರು ಸವೆಯುತ್ತದೆ, ಇದೊಂದೇ ಇರುವುದು ಎಂದ. "ಹಂಗಾದ್ರ ಫೋನಿನ್ಯಾಗ ತುಂಬ್ಕೋರಿ. ಆ ಮುದುಕಿಗೂ ಕೊಟ್ಟಂಗಾತು." ಫೋನಿನೊಳಗೆ ತುಂಬಿಕೊಂಡರೆ ಇದು ಎಲ್ಲರದೂ ಆಗುತ್ತದೆ, ಎಲ್ಲರದೂ ಆದಮೇಲೆ ಯಾರದೂ ಅಲ್ಲ, ಸಂತೆಯಲ್ಲಿ ಮಾರುವ ಪಿಪಿಯಂತೆ ಎಂದು ಅವನು ಭಾಷಣ ಮಾಡಿದ. ಅವಳು ಚಹಾ ಇಟ್ಟು ಕೆಳಗೆ ಹೋದಳು. ಮೆಟ್ಟಿಲ ಮೇಲೆ ಅವಳ ಹೆಜ್ಜೆಯ ಸದ್ದು ಕೇಳುತ್ತ ಅವನಿಗೆ ಅನಿಸಿದ್ದು ಇಷ್ಟೆ: ಈ ಭೂಮಿಯ ಮೇಲೆ ಈಗ ಉಸಿರಾಡುವವರಲ್ಲಿ ಕರೆಮ್ಮನನ್ನು ಪೂರ್ತಿ ಕೇಳಿದವನು ತಾನೊಬ್ಬನೇ. ಆ ಸುಖ ಎಷ್ಟು ಹೊಲಸಾಗಿತ್ತೆಂದು ಆಗ ಅವನಿಗೆ ಹೊಳೆಯಲಿಲ್ಲ. ಸಕ್ಕರೆ ಕಡಿಮೆಯಾದ ಚಹಾವನ್ನು ಅವನು ಬಹಳ ರುಚಿಯಿಂದ ಕುಡಿದ.

ಒಬ್ಬನೇ ಇಟ್ಟುಕೊಂಡ ಸುಖವನ್ನು ಮತ್ತೊಬ್ಬನಿಗೆ ತೋರಿಸದಿದ್ದರೆ ಅದು ಪೂರ್ತಿಯಾಗುವುದಿಲ್ಲ ಎಂಬುದು ಅವನ ಕಾಯಿಲೆ. ಅದಕ್ಕೇ ಮಸ್ಕಿಗೆ ಹೋಗುವ ಮೊದಲು ಮಸ್ಕಿಯನ್ನು ದಾಟಿಕೊಂಡು ಲಿಂಗಸುಗೂರಿಗೆ ಹೋದದ್ದು. ನಾಸೀರ್ ಅಲ್ಲಿ ಬಸ್‌ಸ್ಟ್ಯಾಂಡಿನ ಎದುರು ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಒಂದು ಕಾಲಕ್ಕೆ ಇಬ್ಬರೂ ಜೊತೆಯಾಗಿ ಹೈದರಾಬಾದಿನ ಬಜಾರು ಸುತ್ತಿದವರು, ಒಂದೇ ಪ್ಲೇಟಿಗೆ ಜಗಳಾಡಿದವರು. ಆಮೇಲೆ ನಾಸೀರ್ ತನ್ನ ಪ್ಲೇಟುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಪ್ಲೇಟುಗಳನ್ನು ಸಿಕ್ಕ ಸಿಕ್ಕವರಿಗೆ ಕೊಟ್ಟುಬಿಟ್ಟ. ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಯಲ್ಲಿ ಅವನ ಸಂಗೀತವೆಲ್ಲ ಇತ್ತು. ಅಂದು ಅವನು ಕರೆಮ್ಮನ ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿದ. ಅವನ ಕಣ್ಣಲ್ಲಿ ಹಳೆಯ ಆಸೆ ಒಮ್ಮೆ ಮಿಂಚಿದ್ದನ್ನು ಕಂಡು ಚನ್ನವೀರನಿಗೆ ತೃಪ್ತಿಯಾಯಿತು. "ಕೊಡೋ ಇಲ್ಲಿ. ಈಗಿಂದೀಗ ಕಾಪಿ ಮಾಡ್ತೀನಿ. ಒಳಗ ಮಷೀನ ಐತಿ" ಎಂದ ನಾಸೀರ್. ಚನ್ನವೀರ ಪ್ಲೇಟನ್ನು ಹಿಂದಕ್ಕೆ ಎಳೆದುಕೊಂಡ. "ನಿನ್ನ ಮಷೀನದಾಗ ಹಾಕಂಗಿಲ್ಲ. ದನಿಗೂ ಒಂದು ಮೈ ಇರ್ತೈತಿ ನಾಸೀರ್. ನೀ ಮೈ ಸುಟ್ಟು ಬೂದಿ ಇಟ್ಕೊಂಡೀದಿ." ನಾಸೀರ್ ಬೇಸರ ಮಾಡಿಕೊಳ್ಳಲಿಲ್ಲ. ಬಿಚ್ಚಿದ ಫೋನೊಂದರ ಮೇಲೆ ಬಗ್ಗಿ, ಬಹಳ ಮೆತ್ತಗೆ, "ದನಿ ಅಂದ್ರ ಗಾಳಿ. ಒಬ್ಬರ ಕಿವಿಯಿಂದ ಇನ್ನೊಬ್ಬರ ಕಿವಿಗೆ ಹೋಗ್ಲಿ ಅಂತನ ಅದು ಹುಟ್ಟೂದು. ನಾಳೆ ನೀ ಬಿದ್ದಿ, ಇದೂ ಬಿತ್ತು, ಆವಾಗ ಏನು ಮಾಡ್ತಿ?" ಎಂದಿದ್ದ.

ನಾಳೆಯತನಕ ಕಾಯಬೇಕಾಗಲಿಲ್ಲ. ಮರಳಿ ಬರುವ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎರಡು ರಟ್ಟಿನ ನಡುವೆ ಕಟ್ಟಿದ ಪ್ಲೇಟನ್ನು ಎದೆಗೆ ಅವಚಿಕೊಂಡು ಅವನು ಸೀಟಿನ ಕಬ್ಬಿಣದ ಸರಳಿಗೆ ಒರಗಿ ನಿಂತಿದ್ದ. ಸೀಟಿನಲ್ಲಿ ಕೂತ ಕೂಲಿ ಹೆಂಗಸೊಬ್ಬಳು ತಲೆಯೆತ್ತಿ, "ಕೊಡ್ರಿ ಅಣ್ಣಾರ, ತೊಡಿಮ್ಯಾಲ ಇಟ್ಕೊಂತೀನಿ" ಎಂದು ಕೈ ಚಾಚಿದಳು. ಅವಳ ಮಡಿಲಲ್ಲಿ ಮೆಣಸಿನಕಾಯಿಯ ಗಂಟಿತ್ತು, ಉಗುರಿನಲ್ಲಿ ಮಣ್ಣಿತ್ತು. ಬೇಡ, ಇರಲಿ ಎಂದ. ಇನ್ನೊಮ್ಮೆ ಕೇಳಿದಳು. ಬೇಡ ಅಂದೆನಲ್ಲ ಎಂದು ಗದರಿದ. ಅವಳು ಕೈ ಮಡಿಚಿಕೊಂಡು ಕಿಟಕಿಯ ಕಡೆ ತಿರುಗಿದಳು. ಮಸ್ಕಿಯ ಹತ್ತಿರ ಎಮ್ಮೆಯೊಂದು ಅಡ್ಡ ಬಂತೋ ಏನೋ, ಬಸ್ಸು ಗಕ್ಕನೆ ನಿಂತಿತು. ಹಿಂದಿನವರ ಭಾರವೆಲ್ಲ ಬಂದು ಅವನ ಬೆನ್ನನ್ನು ದೂಡಿತು. ಎದೆ ಸರಳಿಗೆ ಹೋಗಿ ಕೂತಿತು. ನಡುವೆ ಹಪ್ಪಳ ಮುರಿದಂಥ ಒಂದು ಸಣ್ಣ ಸದ್ದು. ಬಸ್ಸಿನಲ್ಲಿ ಅದನ್ನು ಮತ್ತಾರೂ ಕೇಳಲಿಲ್ಲ. ಮಸ್ಕಿ ಬಂತು, ಕಂಡಕ್ಟರು ಕೂಗಿದ, ಆ ಹೆಂಗಸು ಗಂಟು ಎತ್ತಿಕೊಂಡು ಇಳಿದಳು. ಚನ್ನವೀರ ಅವಳು ಬಿಟ್ಟ ಸೀಟಿನಲ್ಲಿ ಕೂತು ಸಿಂಧನೂರಿನವರೆಗೂ ಬಂದ. ರಟ್ಟನ್ನು ಬಿಚ್ಚಿ ನೋಡಲಿಲ್ಲ. ಬಿಚ್ಚುವವರೆಗೆ ಅದು ಒಡೆದಿಲ್ಲ ಎಂದು ಎಳೆಯ ಹುಡುಗನಂತೆ ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಆಮೇಲಿನ ವಾರಗಳನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಕನಕರಾಯ ಫೋನು ಮಾಡುತ್ತಿದ್ದ, ಇವನು ಮುಳ್ಳು ಬಂದಿಲ್ಲ ಎನ್ನುತ್ತಿದ್ದ. ಮುಳ್ಳು ಬಂದಿದೆ, ಯಂತ್ರ ಕೆಟ್ಟಿದೆ ಎನ್ನುತ್ತಿದ್ದ. ಒಂದು ದಿನ ಕನಕರಾಯ, "ಅವ್ವ ಹಾಸಿಗಿ ಹಿಡದಾಳ್ರಿ. ಡಾಕ್ಟರು ಭಾಳ ದಿವಸ ಇಲ್ಲ ಅಂದಾರ. ಏನರ ಮಾಡ್ರಿ ಸಾವ್ಕಾರ್ರ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದ. ಒಡೆದುಹೋಯಿತು ಎಂಬ ಒಂದು ಮಾತು ನಾಲಗೆಯ ತುದಿಯವರೆಗೂ ಬಂತು. ಬಂದು ಅಲ್ಲೇ ಕೂತಿತು. ಅಂದೇ ಅವನು ನಾಸೀರನಿಗೆ ಫೋನು ಹಚ್ಚಿ, ನಿನ್ನ ಡಬ್ಬಿಯಲ್ಲಿ ಹೆಂಗಸು ಹಾಡಿದ ಹಳೆಯ ತತ್ವಪದವೇನಾದರೂ ಇದೆಯೇ, ಗುರುವೇ ಎಂದು ಬರುವಂಥದು, ಹೆಸರು ಗೊತ್ತಿಲ್ಲದ್ದಾದರೂ ನಡೆಯುತ್ತದೆ ಎಂದ. ಹೆಸರು ಗೊತ್ತಿದ್ದುದಾದರೆ ಬೇಡ ಎಂದು ಮನಸ್ಸಿನಲ್ಲಿ ಅಂದುಕೊಂಡ. ನಾಸೀರ್ ಕೂಡಲೇ ಒಂದನ್ನು ಕಳಿಸಿದ. ಕಾಗದ ಕಿತ್ತುಹೋದ ಪ್ಲೇಟಿನಿಂದ ಇಳಿಸಿದ್ದು, ಯಾರೆಂದು ತಿಳಿಯದು. ಫೋನಿನಲ್ಲಿ ತಾನು ಹಾಡು ಕೇಳುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು, ಒಂದು ಸಂಜೆಯೆಲ್ಲ ಕೂತು ಅದನ್ನು ಫೋನಿನ ಮೆಮೊರಿ ಚಿಪ್ಪಿಗೆ ಹಾಕುವುದನ್ನು ಕಲಿತ.

ಅವನು ಮಸ್ಕಿಗೆ ಹೋದಾಗ ಪಕೀರಮ್ಮನನ್ನು ಗೋಡೆಗೆ ದಿಂಬಿಟ್ಟು ಕೂಡಿಸಿದ್ದರು. ಓಣಿಯ ಹೆಂಗಸರು ಬಾಗಿಲ ತುಂಬ ನಿಂತಿದ್ದರು. ಪ್ಲೇಟಿನಿಂದ ಇಳಿಸಿದ್ದೆಂದು ಹೇಳಿ ಅವನು ಆ ಚಿಪ್ಪು ಹಾಕಿಕೊಟ್ಟ ಫೋನನ್ನು ಅವಳು ಎರಡೂ ಕೈಯಲ್ಲಿ ಕಿವಿಗೆ ಒತ್ತಿ ಹಿಡಿದಳು. ಚನ್ನವೀರ ನೆಲ ನೋಡುತ್ತ ಕೂತಿದ್ದ: ಈಗ ಹೇಳುತ್ತಾಳೆ, ಈಗ ಇದು ನಮ್ಮವ್ವನಲ್ಲ ಎನ್ನುತ್ತಾಳೆ, ಎಂದರೆ ಬಿಡುಗಡೆ. ಹಾಡು ನಡುವಿಗೆ ಬಂದಾಗ ಅವಳು ತಟ್ಟನೆ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದಳು. "ಇಲ್ಲಿಗೇ ನೋಡ್ರೆ, ಇಲ್ಲಿಗೇ ನಿಂದರ್ಸಿದ್ರು ಗೌಡರು! ಇನ್ನ ಮುಂದಿಂದು ನಾ ಕೇಳಿಲ್ಲ." ಆಮೇಲೆ ಉಳಿದ ಅರ್ಧವನ್ನು, ಯಾರದೋ ಅವ್ವನ ಹಾಡನ್ನು, ಅವಳು ಬಾಯಿ ತೆರೆದುಕೊಂಡು ಕೇಳಿದಳು. ಪೊರೆ ಬಂದ ಕಣ್ಣಿನಿಂದ ನೀರು ಇಳಿದು ಕುತ್ತಿಗೆಯ ಗುಂಡಿನ ಸರಕ್ಕೆ ಹೋಗುತ್ತಿತ್ತು. ಬಾಗಿಲಲ್ಲಿದ್ದ ಹೆಂಗಸರೂ ಅತ್ತರು. ಹೊರಟಾಗ ಅವಳು ಅವನ ಎರಡೂ ಕೆನ್ನೆ ಸವರಿ ಲಟಿಕೆ ಮುರಿದು, "ಆ ಪ್ಲೇಟು ನೀವ ಇಟ್ಕೋರಿ ಸಾವ್ಕಾರ್ರ, ನಮಗ್ಯಾಕ ಬೇಕು ಅದು. ದನಿ ಸಿಕ್ತಲ್ಲ" ಎಂದಳು. ಅವನಿಗೆ ಬೇಕಾಗಿದ್ದುದು ಅದೇ ತಾನೆ, ಪ್ಲೇಟು ತನ್ನದಾಗುವುದು. ಅವಳು ಸಾಯಲಿಲ್ಲ. ಹಾಡು ಕೇಳುತ್ತ ಕೇಳುತ್ತ ಎದ್ದು ಕೂತಳು, ಗಂಜಿ ಕುಡಿದಳು, ಗೋಡೆ ಹಿಡಿದು ಕಲ್ಲಿನವರೆಗೂ ಬಂದಳು. ಕನಕರಾಯ ಹಾಡನ್ನು ಒಬ್ಬರಿಗೆ ಕಳಿಸಿದ, ಅವರು ಹತ್ತು ಜನಕ್ಕೆ ಕಳಿಸಿದರು. ನಾಸೀರನ ಫೋನು ಬಂತು. ಅವನು ನಗುತ್ತಿರಲಿಲ್ಲ. "ನಾ ಕೊಟ್ಟ ಹೆಸರಿಲ್ಲದಾಕಿಗೆ ಕರೆಮ್ಮ ಅಂತ ಹೆಸರು ಇಟ್ಟೀ ಏನ್ಲೇ? ಆ ಹಾಡಿದಾಕೀನೂ ಯಾರಿಗರ ಅವ್ವ ಆಗಿರಬೇಕಲ್ಲೋ ಚನ್ನವೀರ." ಯಾರಿಗೂ ಹೇಳುವುದಿಲ್ಲ, ಹೇಳಬೇಕಾದವನು ನೀನು ಎಂದು ಫೋನಿಟ್ಟಿದ್ದ.

ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಬಿಸಿಲು ನೆತ್ತಿಯ ಮೇಲಿತ್ತು. ಓಣಿಯ ಬಾಯಲ್ಲಿ ಬ್ಯಾನರು ಕಟ್ಟಿದ್ದರು. ಪೇಂಟರನ ಕರೆಮ್ಮ ಕುಂಕುಮವಿಟ್ಟು, ಹೂ ಮುಡಿದು, ಯಾರದೂ ಅಲ್ಲದ ಮುಖದಿಂದ ನಗುತ್ತಿದ್ದಳು. ಕೆಳಗೆ ಮೂಲೆಯಲ್ಲಿ ಚನ್ನವೀರನದೇ ಫೋಟೋ, ಅವನ ಅಂಗಡಿಯ ಉದ್ಘಾಟನೆಯದು. ಕನಕರಾಯ ಖುಷಿಯಿಂದ ಎದುರು ಬಂದ, ಸ್ಟೀಲಿನ ಲೋಟದಲ್ಲಿ ನೀರು ಕೊಟ್ಟ, ಕುರ್ಚಿ ಹಾಕಿದ. ಪಕೀರಮ್ಮ ಹೊರಸಿನ ಮೇಲಿದ್ದಳು. ಫೋನು ಅವಳ ಮಡಿಲಲ್ಲಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡದ್ದು. ಚನ್ನವೀರ ಕುರ್ಚಿ ಬಿಟ್ಟು ನೆಲದ ಮೇಲೆ ಕೂತ. ಚೀಲವನ್ನು ಅಡಿಮೇಲು ಮಾಡಿದ. ಕರಿ ಚೂರುಗಳು ನೆಲದ ಬಂಡೆಯ ಮೇಲೆ ಸದ್ದು ಮಾಡುತ್ತ ಬಿದ್ದವು. ಕೆಂಪು ಕಾಗದದ ಒಂದು ಚೂರಿನಲ್ಲಿ ಕರೆ ಎಂದಿತ್ತು, ಇನ್ನೊಂದರಲ್ಲಿ ಮ್ಮ ಎಂದಿತ್ತು. "ಇದು ಒಡದು ಭಾಳ ದಿವಸ ಆತವ್ವ. ನಿಮಗ ಕೇಳಿಸೂಕ್ಕಿಂತ ಮೊದಲ ಒಡೀತು. ಬಸ್ಸಿನ್ಯಾಗ, ನನ್ನ ಕೈಯಾಗ. ಫೋನಿನ್ಯಾಗ ಐತೆಲ್ಲ, ಅದು ನಿಮ್ಮವ್ವ ಅಲ್ಲ. ಯಾರೋ ಬ್ಯಾರೆ."

ಹೊರಗೆ ಪೆಂಡಾಲಿನ ಗೂಟ ಬಡಿಯುವ ಸದ್ದು ಬರುತ್ತಿತ್ತು. ಮೊದಲು ಎದ್ದವನು ಕನಕರಾಯ. "ಏನಂದ್ರಿ?" ಎಂದ. ಚನ್ನವೀರ ಮತ್ತೊಮ್ಮೆ ಹೇಳಿದ. ಎರಡನೆಯ ಸಲ ಹೇಳುವಾಗ ಅದು ಕಲಿತು ಒಪ್ಪಿಸಿದಂತೆ ಕೇಳಿಸಿತು. "ಖರೇ ಪ್ಲೇಟಿನ್ಯಾಗ ಕಡಿಗೆ ಆಕಿ ಮಾತಾಡ್ಯಾಳ. ಸಾಕೇನ್ರಿ ಯಪ್ಪಾ ಅಂತ ಕೇಳ್ಯಾಳ. ನಾ ನನ್ನ ಕಿವಿಲೆ ಕೇಳೀನಿ." ಕನಕರಾಯ ತಾಯಿಯ ಮಡಿಲಿನಿಂದ ಫೋನು ಬಿಡಿಸಿಕೊಂಡು ಹಾಡನ್ನು ಹಚ್ಚಿದ. ಮೂವರೂ ಕೊನೆಯವರೆಗೂ ಕೇಳಿದರು. ಗುರುವೇ ಎಂದು ಅದು ಎಳೆದು ನಿಂತಿತು. ಆಮೇಲೆ ಏನೂ ಇರಲಿಲ್ಲ. "ಎಲ್ಲೈತ್ರಿ ಮಾತು?" ಎಂದ. ಇದು ಆ ಪ್ಲೇಟಿನದಲ್ಲ ಎಂದೇ ನಾನು ಹೇಳುತ್ತಿರುವುದು ಎಂದು ಚನ್ನವೀರ ತೊದಲಿದ. "ಆತು ಬಿಡ್ರಿ, ತಿಳೀತು. ನಮ್ಮ ಓಣ್ಯಾಗ ಪೆಂಡಾಲ ಬಿದ್ದದ್ದು, ನಮ್ಮ ಅಮ್ಮನ ಹೆಸರು ನಾಕು ಊರಿಗೆ ಹೋದದ್ದು ಮಂದಿಗೆ ತಡಕೊಳ್ಳಾಕ ಆಗವಲ್ದು. ನಿನ್ನೆನೂ ಒಬ್ಬರು ಬಂದು, ಕೂಲಿಯಾಕಿ ಪ್ಲೇಟಿಗೆ ಹಾಡ್ಯಾಳಂದ್ರ ಯಾರು ನಂಬ್ತಾರ ಅಂತ ಅಂದು ಹೋದ್ರು. ನೀವು ಹಂಗಲ್ಲ ಅಂತ ತಿಳದಿದ್ದೆ. ಆವಾಗ ಗೌಡರು ಅರ್ಧಕ್ಕ ನಿಂದರ್ಸಿದ್ರು, ಈಗ ನೀವು ಅದಲ್ಲ ಇದಲ್ಲ ಅನ್ನಾಕ ಬಂದೀರಿ." ಅವನು ಬಗ್ಗಿ ಚೂರುಗಳನ್ನು ಚೀಲಕ್ಕೆ ತುಂಬತೊಡಗಿದ. ಒಂದು ಚೂರಿನ ಅಂಚು ತಾಗಿ ಬೆರಳಲ್ಲಿ ರಕ್ತ ಬಂತು, ಅದನ್ನು ನೋಡಿಕೊಳ್ಳಲೂ ಇಲ್ಲ. "ನಿಮ್ಮ ಸಾಮಾನು ನೀವ ಒಯ್ರಿ." ಪಕೀರಮ್ಮ ಈ ಹೊತ್ತೆಲ್ಲ ಇಬ್ಬರ ನಡುವಿನ ಖಾಲಿ ಗೋಡೆಯನ್ನು ನೋಡುತ್ತಿದ್ದಳು. "ಅವ್ವ, ನೀ ಹೇಳು, ನಿನ್ನ ಅವ್ವನ ದನಿ ನಿನಗ ಗೊತ್ತಾಗಂಗಿಲ್ಲೇನು?" ಎಂದು ಮಗ ಕೇಳಿದ. "ಯಾಕ ಗೊತ್ತಾಗಂಗಿಲ್ಲ. ನನ್ನ ಅವ್ವಂದ ಅದು" ಎಂದಳು.

ಚೀಲ ಹಿಡಿದು ಓಣಿಯಲ್ಲಿ ನಡೆಯುವಾಗ ಚನ್ನವೀರನಿಗೆ, ನಾಚಿಕೆಯ ಕೆಳಗೆ, ಸಣ್ಣಗೆ ಒಂದು ಹಗುರತನ ಸುಳಿಯತೊಡಗಿತು. ಹೇಳಿಯಾಯಿತಲ್ಲ. ನಂಬದಿದ್ದರೆ ತನ್ನ ತಪ್ಪೇನು? ಈ ಯೋಚನೆ ಎಷ್ಟು ಬೇಗ ಬಂತೆಂದು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು, ಆದರೂ ಹೆಜ್ಜೆ ಚುರುಕಾಗಿಯೇ ಬೀಳುತ್ತಿತ್ತು. ಬ್ಯಾನರಿನ ಹತ್ತಿರ ಬಂದಾಗ ಹಿಂದಿನಿಂದ, "ಸಾವ್ಕಾರ್ರ, ನಿಂದರ್ರಿ" ಎಂಬ ಕೂಗು. ಪಕೀರಮ್ಮ ಒಂದು ಕೈಯಿಂದ ಗೋಡೆ ಸವರುತ್ತ ಬರುತ್ತಿದ್ದಳು. ಏದುಸಿರು. ಅವನು ಮರಳಿ ಹೋಗಿ ಅವಳ ಮುಂದೆ ನಿಂತ. ಅವಳು ಅವನ ಹೆಗಲಿನ ಬದಿಗೆ ನೋಡುತ್ತ, ದನಿ ತಗ್ಗಿಸಿ ಹೇಳಿದಳು.

"ಮಗನ ಮುಂದ ಕೇಳಾಕ ಆಗ್ಲಿಲ್ರಿ. ಅಂವ ಭಾಳ ದಿವಸಕ್ಕ ತಲಿ ಎತ್ತಿ ತಿರಗ್ಯಾಡಾಕತ್ತಾನ. ನೀವು ಪೂರಾ ಕೇಳೀನಿ ಅಂದ್ರಿ. ಖರೇನಾ?"

"ಖರೇ ಅವ್ವ."

"ಹೆಂಗಿತ್ತು ಆಕಿ ದನಿ? ಒಂದೀಟು ಅಂದು ತೋರಸ್ರಿ. ನಿಮಗ ಹಾಡಾಕ ಬರ್ಲಿಲ್ಲಂದ್ರೂ ನಡೀತೈತಿ."

ಚನ್ನವೀರ ಗಂಟಲು ಸರಿಮಾಡಿಕೊಂಡ. ಕಣ್ಣು ಮುಚ್ಚಿದ. ಆ ಮಧ್ಯಾಹ್ನ ಹಾಗೇ ಬಂತು: ಮುಚ್ಚಿದ ಕಿಟಕಿ, ನಿಂತ ಫ್ಯಾನು, ಬೆನ್ನಿನ ಬೆವರು, ಜೋಳ ಹುರಿಯುವ ಸದ್ದು. ಸದ್ದಿನೊಳಗಿಂದ ಅವಳು ಬರಬೇಕಾದ ಜಾಗದಲ್ಲಿ ಗುರುವೇ ಎಂದು ಎಳೆದವಳು ಫೋನಿನ ಹೆಂಗಸು. ಅವನು ಅವಳನ್ನು ದೂಡಿ ಇನ್ನೊಮ್ಮೆ ಮೊದಲಿನಿಂದ ಹಚ್ಚಿದ. ಮತ್ತೆ ಅವಳೇ. ದಪ್ಪ ದನಿಯೋ, ಸಣ್ಣದೋ? ಸಾಕೇನ್ರಿ ಎಂಬ ಮಾತೂ ಈಗ ಅವನದೇ ಗಂಟಲಿನಲ್ಲಿ, ಗಿರಾಕಿಗೆ ಪೈಪು ಅಳೆದು ಕೇಳುವ ದನಿಯಲ್ಲಿ ಬರುತ್ತಿತ್ತು. ಬಿಸಿಗಾಳಿಗೆ ಬ್ಯಾನರು ಪಟಪಟ ಎನ್ನುತ್ತಿತ್ತು.

"ನೆನಪಿಲ್ಲೇನ್ರಿ?"

"ಇತ್ತವ್ವ," ಎಂದ. "ಇತ್ತು."

ಇನ್ನೇನಾದರೂ ಬರಬಹುದೆಂದು ಮುದುಕಿ ಕಿವಿಯನ್ನು ಅವನ ಕಡೆ ಮಾಡಿದಳು.

"ನಾ ಆವಾಗ ಸಣ್ಣಾಕಿ ಇದ್ದೆ ರೀ," ಎಂದಳು. "ನಿಮಗೇನಾಗಿತ್ತು?"

ಅವನು ಏನಾದರೂ ಹೇಳುವ ಮೊದಲೇ ತಿರುಗಿದಳು. ಗೋಡೆ ಹಿಡಿದುಕೊಂಡು, ನಡುವೆ ಒಮ್ಮೆ ನಿಂತು ಉಸಿರು ತೆಗೆದುಕೊಂಡು, ಮನೆಯವರೆಗೂ ಹೋದಳು. ಬಾಗಿಲಲ್ಲಿ ನಿಂತಿದ್ದ ಕನಕರಾಯ, "ಏನಂತ ಅಂವಂದು?" ಎಂದು ಕೇಳುವುದು ಚನ್ನವೀರನಿಗೆ ಕೇಳಿಸಿತು.

"ಏನಿಲ್ಲ. ಐತವಾರ ಬರಾಕ ಆಗಂಗಿಲ್ಲಂತ. ನನಗ ಹಸಿರು ಸೀರಿ ತಗದಿಡು, ಮಂದಿ ಮುಂದ ಕುಂದರೂದೈತಿ ಅಲ್ಲಿ" ಎಂದು ಪಕೀರಮ್ಮ ಒಳಗೆ ಹೋದಳು.